40ಎಕ್ಸ್‌ಗೆ ಹೋದರೆ ಫ್ಲೋರೆಸೆನ್ಸ್ ಮಂಕು, ಹಿನ್ನೆಲೆ ಮಬ್ಬು: ಯಾವ ಆಬ್ಜೆಕ್ಟಿವ್ ತೆಗೆದುಕೊಳ್ಳುವುದು?

ಕ್ರಯೋ_ಚಾಕು

ಎಲ್ಲರಿಗೂ ನಮಸ್ಕಾರ. ಇಲಿ ಮಿದುಳಿನ 30 ಮೈಕ್ರಾನ್ ಕ್ರಯೋಸೆಕ್ಷನ್‌ಗಳನ್ನು (ಹೆಪ್ಪುಗಟ್ಟಿಸಿ ಕತ್ತರಿಸಿದ ತೆಳು ಪದರಗಳನ್ನು) ನೋಡುತ್ತಿದ್ದೇವೆ. ಹೊಳೆಯುವ ಡೈಗಳು ಮೂರು: ನ್ಯೂಕ್ಲಿಯಸ್‌ಗೆ ಡ್ಯಾಪಿ (ನೀಲಿ), ಒಂದು ಪ್ರೋಟೀನಿಗೆ ಅಲೆಕ್ಸಾ 488 (ಹಸಿರು), ಇನ್ನೊಂದಕ್ಕೆ ಅಲೆಕ್ಸಾ 594 (ಕೆಂಪು). 10ಎಕ್ಸ್‌ನಲ್ಲಿ ಪರವಾಗಿಲ್ಲ. 40ಎಕ್ಸ್‌ಗೆ ಹೋದ ಕೂಡಲೇ ಚಿತ್ರ ಮಂಕಾಗುತ್ತದೆ, ಹಿನ್ನೆಲೆ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. 488ರ ಚಾನೆಲ್‌ಗೆ 2 ಸೆಕೆಂಡ್ ಎಕ್ಸ್‌ಪೋಷರ್ ಕೊಡಬೇಕಾಗುತ್ತಿದೆ. ಹಸಿರು ಫೋಕಸ್‌ನಲ್ಲಿದ್ದರೆ ಡ್ಯಾಪಿ ಫೋಕಸ್ ತಪ್ಪಿರುತ್ತದೆ.

ಉಪಕರಣ: ಅಪ್‌ರೈಟ್ ಮೈಕ್ರೋಸ್ಕೋಪ್, ಇನ್ಫಿನಿಟಿ ಆಪ್ಟಿಕ್ಸ್, ಟ್ಯೂಬ್ ಲೆನ್ಸ್ 180 ಮಿ.ಮೀ., ನೋಸ್‌ಪೀಸ್‌ನಲ್ಲಿ ಆರ್‌ಎಂಎಸ್ ಥ್ರೆಡ್. ಬೆಳಕು ಎಲ್‌ಇಡಿ. ಕ್ಯಾಮೆರಾ ಕಪ್ಪು-ಬಿಳುಪು ಸಿಮಾಸ್, 3.45 ಮೈಕ್ರಾನ್ ಪಿಕ್ಸೆಲ್, 2448 × 2048, ಸಿ-ಮೌಂಟ್ ಅಡಾಪ್ಟರ್ 1ಎಕ್ಸ್.

ಈಗಿರುವ ಆಬ್ಜೆಕ್ಟಿವ್‌ಗಳು (ಸ್ಯಾಂಪಲ್ ಕಡೆಯ ಲೆನ್ಸ್‌ಗಳು): 10ಎಕ್ಸ್/0.25, 40ಎಕ್ಸ್/0.65 (ಮೈಮೇಲೆ ಪಿಎಚ್2 ಮತ್ತು ∞/0.17 ಎಂದಿದೆ), 100ಎಕ್ಸ್/1.25 ಆಯಿಲ್. ಮೂರೂ ಅಕ್ರೋಮ್ಯಾಟ್. ಕವರ್‌ಸ್ಲಿಪ್ 22 × 22, ಪೊಟ್ಟಣದ ಮೇಲೆ ನಂ. 1 ಎಂದಿದೆ. ಮೌಂಟ್ ಮಾಡುವುದು ಅರ್ಧ ಗ್ಲಿಸರಾಲ್ ಅರ್ಧ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್ ದ್ರಾವಣ), ಕವರ್‌ಸ್ಲಿಪ್ಪಿಗೆ ಸುಮಾರು 50 ಮೈಕ್ರೋಲೀಟರ್.

ಈ ವರ್ಷದ ಗ್ರ್ಯಾಂಟ್‌ನಲ್ಲಿ ಒಂದೇ ಒಂದು ಆಬ್ಜೆಕ್ಟಿವ್‌ಗೆ ಹಣವಿದೆ. ಮುಂದಿರುವ ಆಯ್ಕೆಗಳು: 40ಎಕ್ಸ್/0.75 ಫ್ಲೋರೈಟ್ ಡ್ರೈ, 20ಎಕ್ಸ್/0.75 ಪ್ಲ್ಯಾನ್ ಅಪೋ ಡ್ರೈ, 40ಎಕ್ಸ್/1.3 ಆಯಿಲ್, 60ಎಕ್ಸ್/1.4 ಆಯಿಲ್. ನಮ್ಮ ಮೇಡಂ ಅವರಿಗೆ 60ಎಕ್ಸ್ ಮೇಲೆ ಮನಸ್ಸು. ನೀವಾದರೆ ಯಾವುದು ತೆಗೆದುಕೊಳ್ಳುತ್ತಿದ್ದಿರಿ?

ಗಾಜಿನಹುಳು

ಆಬ್ಜೆಕ್ಟಿವ್ ಮೇಲೆ ಬರೆದಿರುವ ಎರಡು ಅಂಕಿಗಳಲ್ಲಿ ಎಲ್ಲರ ಕಣ್ಣೂ ಮೊದಲನೆಯದರ ಮೇಲೆ ಬೀಳುತ್ತದೆ. ಫ್ಲೋರೆಸೆನ್ಸ್‌ನಲ್ಲಿ ದುಡಿಯುವುದು ಎರಡನೆಯದು, ಅಂದರೆ ಎನ್‌ಎ (ನ್ಯೂಮೆರಿಕಲ್ ಅಪರ್ಚರ್, ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬ ಅಳತೆ). ಸೂಕ್ಷ್ಮ ವಿವರ ಎಷ್ಟು ಬಿಡಿಸಿ ಕಾಣುತ್ತದೆ ಎನ್ನುವುದಕ್ಕೂ ಎಷ್ಟು ಬೆಳಕು ಒಳಗೆ ಬರುತ್ತದೆ ಎನ್ನುವುದಕ್ಕೂ ಎನ್‌ಎಯೇ ಆಧಾರ. ವರ್ಧನೆ ಮಾಡುವುದು ಬಂದ ಬೆಳಕನ್ನು ಎಷ್ಟು ಪಿಕ್ಸೆಲ್‌ಗಳ ಮೇಲೆ ಹರಡಬೇಕು ಎಂಬ ತೀರ್ಮಾನವನ್ನು ಮಾತ್ರ.

ಎಪಿ-ಫ್ಲೋರೆಸೆನ್ಸ್‌ನಲ್ಲಿ ಬೆಳಕು ಹೋಗುವುದೂ ಬರುವುದೂ ಒಂದೇ ಆಬ್ಜೆಕ್ಟಿವ್ ಮೂಲಕ. ಹೋಗುವಾಗ ಎನ್‌ಎಯ ವರ್ಗ, ಬರುವಾಗ ಮತ್ತೆ ಎನ್‌ಎಯ ವರ್ಗ. ಆದ್ದರಿಂದ ಚಿತ್ರದ ಹೊಳಪು ಎನ್‌ಎಯ ನಾಲ್ಕನೇ ಘಾತದಷ್ಟು ಏರುತ್ತದೆ, ವರ್ಧನೆಯ ವರ್ಗದಷ್ಟು ಇಳಿಯುತ್ತದೆ. ನಿಮ್ಮ ಈಗಿನ 40ಎಕ್ಸ್/0.65 ಅನ್ನು 1 ಎಂದು ಹಿಡಿದರೆ 40ಎಕ್ಸ್/0.75ಕ್ಕೆ ಸುಮಾರು 1.8, 20ಎಕ್ಸ್/0.75ಕ್ಕೆ 7, 60ಎಕ್ಸ್/1.4ಕ್ಕೆ 9.6, 40ಎಕ್ಸ್/1.3ಕ್ಕೆ 16. ಮೇಡಂ ಅವರ 60ಎಕ್ಸ್ ಹೊಳಪಿನಲ್ಲಿ 40ಎಕ್ಸ್ ಆಯಿಲ್‌ಗಿಂತ ಹಿಂದೆ ಬೀಳುತ್ತದೆ ಎನ್ನುವುದನ್ನು ಗಮನಿಸಿ.

ಈಗ ರೆಸಲ್ಯೂಷನ್. 0.61 ಅನ್ನು ತರಂಗಾಂತರದಿಂದ ಗುಣಿಸಿ ಎನ್‌ಎಯಿಂದ ಭಾಗಿಸಿ. 520 ನ್ಯಾನೋಮೀಟರ್ ಹಸಿರಿಗೆ ನಿಮ್ಮ 0.65 ಕೊಡುವುದು 0.49 ಮೈಕ್ರಾನ್. 0.75 ಕೊಡುವುದು 0.42. 1.3 ಕೊಡುವುದು 0.24, 1.4 ಕೊಡುವುದು 0.23. ಅಂದರೆ ಆ 20ಎಕ್ಸ್/0.75 ನಿಮ್ಮ ಈಗಿನ 40ಎಕ್ಸ್‌ಗಿಂತ ಹೆಚ್ಚು ಹೊಳಪು ಮಾತ್ರವಲ್ಲ, ಹೆಚ್ಚು ವಿವರವನ್ನೂ ತೋರಿಸುತ್ತದೆ. ಅದರ ಜೊತೆಗೆ ನೋಟದ ವಿಸ್ತಾರ ನಾಲ್ಕು ಪಟ್ಟು.

20ಎಕ್ಸ್ ಆದರೆ ಚಿತ್ರ ಚಿಕ್ಕದಲ್ಲವೇ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ನಿಮ್ಮ ಕ್ಯಾಮೆರಾ ಪಿಕ್ಸೆಲ್ ಸಣ್ಣದು. 3.45 ಅನ್ನು 20ರಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಸ್ಯಾಂಪಲ್‌ನಲ್ಲಿ 0.17 ಮೈಕ್ರಾನ್. 0.42 ಮೈಕ್ರಾನ್ ವಿವರವನ್ನು ಹಿಡಿಯಲು ಪಿಕ್ಸೆಲ್ 0.21ಕ್ಕಿಂತ ಚಿಕ್ಕದಿರಬೇಕು, ನಿಮ್ಮದು ಚಿಕ್ಕದೇ ಇದೆ. 6.5 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಆಗಿದ್ದರೆ ಇದೇ 20ಎಕ್ಸ್‌ನಲ್ಲಿ 0.325 ಆಗಿ, ಲೆನ್ಸ್ ಕೊಟ್ಟ ವಿವರದಲ್ಲಿ ಒಂದಷ್ಟನ್ನು ಕ್ಯಾಮೆರಾವೇ ಕಳೆಯುತ್ತಿತ್ತು. ಅಲ್ಲಿ ಸಲಹೆ ಬೇರೆ ಇರುತ್ತಿತ್ತು.

ಡ್ಯಾಪಿ ಫೋಕಸ್ ತಪ್ಪುವುದು ಅಕ್ರೋಮ್ಯಾಟ್‌ನ ಜನ್ಮಗುಣ. ಅದರಲ್ಲಿ ಸುಮಾರು 486ರ ನೀಲಿ ಮತ್ತು 656ರ ಕೆಂಪನ್ನು ಮಾತ್ರ ಒಂದೆಡೆ ಸೇರಿಸಿರುತ್ತಾರೆ. ಡ್ಯಾಪಿ ಹೊರಸೂಸುವುದು 460ರ ಸುತ್ತ, ಆ ವ್ಯಾಪ್ತಿಯ ಆಚೆ. ಫ್ಲೋರೈಟ್‌ನಲ್ಲಿ ಈ ತೊಂದರೆ ಕಡಿಮೆ, ಅಪೋದಲ್ಲಿ ಇನ್ನೂ ಕಡಿಮೆ. ಹೊಸದು ಬರುವ ತನಕ ಫೈನ್ ಫೋಕಸ್ ಗುಂಡಿಯ ಗೀಟುಗಳನ್ನು ಎಣಿಸಿ, ಹಸಿರಿನಿಂದ ಡ್ಯಾಪಿಗೆ ಎಷ್ಟು ಗೀಟು ಎಂದು ಚೀಟಿ ಬರೆದು ಅಂಟಿಸಿಕೊಳ್ಳಿ. ಅದೇ ಆಬ್ಜೆಕ್ಟಿವ್, ಅದೇ ಫಿಲ್ಟರ್ ಇರುವ ತನಕ ಆ ಅಂತರ ಬದಲಾಗುವುದಿಲ್ಲ.

ಪಿಎಚ್2 ಎಂದರೆ ಒಳಗೆ ಫೇಸ್ ರಿಂಗ್ ಇದೆ. ಫ್ಲೋರೆಸೆನ್ಸ್ ಬೆಳಕಿನ ಒಂದು ಭಾಗ ಆ ಉಂಗುರದ ಮೂಲಕ ಬರಬೇಕು. ಅಲ್ಲಿ ಒಂದಿಷ್ಟು ಹೀರಿಹೋಗುತ್ತದೆ, ಬಿಂದುವಿನ ಆಕಾರವೂ ಕೊಂಚ ಕೆಡುತ್ತದೆ. ಪ್ರಾಣ ಹೋಗುವ ವಿಷಯವೇನಲ್ಲ. ಆದರೆ ಹೊಸದಾಗಿ ಕೊಳ್ಳುವಾಗ ಫ್ಲೋರೆಸೆನ್ಸ್‌ಗೆಂದು ಫೇಸ್ ಆಬ್ಜೆಕ್ಟಿವ್ ಬೇಡ.

ನನ್ನ ಮತ 20ಎಕ್ಸ್/0.75 ಪ್ಲ್ಯಾನ್ ಅಪೋಗೆ.

ಫೋಟಾನ್_ಲೆಕ್ಕಿಗ

ಗಾಜಿನಹುಳು ಅವರ ತೀರ್ಮಾನ ಒಪ್ಪುತ್ತೇನೆ. "ಏಳು ಪಟ್ಟು" ಎನ್ನುವುದನ್ನು ಮಾತ್ರ ಬಿಡಿಸಿ ನೋಡಬೇಕು, ಇಲ್ಲದಿದ್ದರೆ ಹಣ ಕೊಟ್ಟ ಮೇಲೆ ನಿರಾಸೆಯಾಗುತ್ತದೆ.

ಆ ಏಳರಲ್ಲಿ ನಾಲ್ಕು ಪಟ್ಟು ಬಂದಿರುವುದು ವರ್ಧನೆ ಅರ್ಧವಾದದ್ದರಿಂದ: ಅದೇ ಬೆಳಕು ಕಾಲು ಭಾಗದಷ್ಟು ಪಿಕ್ಸೆಲ್‌ಗಳ ಮೇಲೆ ಬೀಳುತ್ತದೆ. ಉಳಿದದ್ದು 1.33 ಗುಣಿಸು 1.33. ಮೊದಲ 1.33 ಸ್ಯಾಂಪಲ್ ಮೇಲೆ ಬೀಳುವ ಎಕ್ಸೈಟೇಷನ್ (ಡೈಯನ್ನು ಹೊಳೆಯಿಸುವ ಬೆಳಕು) ಹೆಚ್ಚಿದ್ದರಿಂದ. ಎಲ್‌ಇಡಿ ಗುಂಡಿ ತಿರುಗಿಸಿದರೂ ಅದು ಸಿಗುತ್ತದೆ, ಬ್ಲೀಚಿಂಗ್ (ಬೆಳಕಿಗೆ ಡೈ ಕೆಟ್ಟು ಹೊಳಪು ಕಳೆದುಕೊಳ್ಳುವುದು) ಕೂಡ ಅಷ್ಟೇ ಹೆಚ್ಚುತ್ತದೆ. ಎರಡನೇ 1.33 ಮಾತ್ರ ಅಸಲಿ ಲಾಭ. ಒಂದು ಡೈ ಅಣು ಸಾಯುವ ಮುಂಚೆ ಬಿಡುವ ಫೋಟಾನ್‌ಗಳಲ್ಲಿ ನೀವು ಹಿಡಿದುಕೊಳ್ಳುವ ಪಾಲು ಅದು, ಬೇರೆ ಯಾವ ದಾರಿಯಿಂದಲೂ ಸಿಗದು. ಈ ಅಳತೆಯಲ್ಲಿ 40ಎಕ್ಸ್/1.3 ಆಯಿಲ್ ನಿಮ್ಮ 0.65ಕ್ಕಿಂತ ನಾಲ್ಕು ಪಟ್ಟು ಮೇಲು. ಡೈ ಬೇಗ ಬ್ಲೀಚ್ ಆಗುವ ಕೆಲಸಕ್ಕೆ ಆಯಿಲ್ ಆಬ್ಜೆಕ್ಟಿವ್ ಕೇಳುವುದು ಅದಕ್ಕೇ.

ಇದರಿಂದ ಬರುವ ಒಂದು ಪುಕ್ಕಟೆ ಉಪಾಯ: ವರ್ಧನೆಯಿಂದ ಬರುವ ಆ ನಾಲ್ಕು ಪಟ್ಟನ್ನು ಈಗಲೇ ಪಡೆಯಬಹುದು. ನಿಮ್ಮ 40ಎಕ್ಸ್/0.65ರಲ್ಲಿ ಒಂದು ಪಿಕ್ಸೆಲ್ 0.086 ಮೈಕ್ರಾನ್, ಲೆನ್ಸ್ ಬಿಡಿಸುವುದು 0.49. ಅಗತ್ಯಕ್ಕಿಂತ ಎಷ್ಟೋ ನುಣ್ಣಗೆ ಕತ್ತರಿಸುತ್ತಿದ್ದೀರಿ. ಕ್ಯಾಮೆರಾ ಸಾಫ್ಟ್‌ವೇರ್‌ನಲ್ಲಿ 2 × 2 ಬಿನ್ನಿಂಗ್ ಹಾಕಿ, ಅಂದರೆ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ. ಪಿಕ್ಸೆಲ್ 0.17 ಆಗುತ್ತದೆ, ವಿವರ ಒಂದಿಷ್ಟೂ ಹೋಗುವುದಿಲ್ಲ, ಸಿಗ್ನಲ್ ನಾಲ್ಕು ಪಟ್ಟು. ಸಿಮಾಸ್‌ನಲ್ಲಿ ಸಾಮಾನ್ಯವಾಗಿ ಓದಿದ ನಂತರ ಕೂಡಿಸುವುದರಿಂದ ರೀಡ್ ನಾಯ್ಸ್ ಎರಡು ಪಟ್ಟಾಗುತ್ತದೆ. ಆದರೂ ಲೆಕ್ಕ ಲಾಭದಲ್ಲೇ ಮುಗಿಯುತ್ತದೆ. ಬಿನ್ನಿಂಗ್‌ನಲ್ಲಿ "ಸಮ್" ಮತ್ತು "ಆವರೇಜ್" ಎಂದು ಎರಡು ಆಯ್ಕೆ ಇದ್ದರೆ ಸಮ್ ಇಡಿ, ಆವರೇಜ್ ಇಟ್ಟರೆ ಅಂಕಿ ಏರುವುದಿಲ್ಲ, ನಾಯ್ಸ್ ಮಾತ್ರ ಇಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಆ ನಾಲ್ಕನೇ ಘಾತದ ಸೂತ್ರ ನಡೆಯುವುದು ಎಕ್ಸೈಟೇಷನ್ ಬೆಳಕು ಆಬ್ಜೆಕ್ಟಿವ್‌ನ ಹಿಂಬದಿಯ ರಂಧ್ರವನ್ನು ಪೂರ್ತಿ ತುಂಬಿದಾಗ. ರಂಧ್ರದ ವ್ಯಾಸ ಎಂದರೆ ಫೋಕಲ್ ದೂರ ಗುಣಿಸು ಎನ್‌ಎ ಗುಣಿಸು 2. ನಿಮ್ಮ 180 ಮಿ.ಮೀ. ಟ್ಯೂಬ್ ಲೆನ್ಸ್‌ಗೆ 20ಎಕ್ಸ್‌ನ ಫೋಕಲ್ ದೂರ 9 ಮಿ.ಮೀ., ರಂಧ್ರ 13.5 ಮಿ.ಮೀ. ಈಗಿನ 40ಎಕ್ಸ್‌ಗೆ 4.5 ಮಿ.ಮೀ., ರಂಧ್ರ 6 ಮಿ.ಮೀ.ಗೂ ಕಡಿಮೆ. ಎಲ್‌ಇಡಿಯ ಬಿಂಬ 6 ಮಿ.ಮೀ. ತುಂಬಿ 13.5 ತುಂಬದೆ ಹೋಗಬಹುದು. ಪರೀಕ್ಷೆ ಸುಲಭ: ನೋಸ್‌ಪೀಸ್‌ನ ಒಂದು ಖಾಲಿ ತೂತನ್ನು ಬೆಳಕಿನ ದಾರಿಗೆ ತಂದು, ಆ ತೂತಿನ ಮೇಲೆ ಟ್ರೇಸಿಂಗ್ ಕಾಗದ ಇಟ್ಟು, ಹಸಿರು ಎಲ್‌ಇಡಿ ಕಡಿಮೆ ಪವರ್‌ನಲ್ಲಿ ಹಾಕಿ ಬೆಳಕಿನ ಮಚ್ಚೆಯ ಅಗಲ ಅಳೆಯಿರಿ. ಡ್ಯಾಪಿಗೆ ಬಳಸುವ 385ರ ನೇರಳಾತೀತ ಎಲ್‌ಇಡಿಯಲ್ಲಿ ಈ ಪ್ರಯೋಗ ಬೇಡ, ಕಣ್ಣಿಗೆ ಅಪಾಯ. ಮಚ್ಚೆ ಚಿಕ್ಕದಿದ್ದರೂ ಹಿಡಿಯುವ ಬೆಳಕು ಮತ್ತು ರೆಸಲ್ಯೂಷನ್‌ಗೆ ಏನೂ ಆಗುವುದಿಲ್ಲ, ಎಕ್ಸೈಟೇಷನ್ ಹಂಚಿಕೆ ಮಾತ್ರ ಬದಲಾಗುತ್ತದೆ.

ಬಯಲುಸೀಮೆ_ಲೆನ್ಸ್

ತಡೀರಿ, ಖರೀದಿ ಮಾತು ಆಮೇಲೆ. 40ಎಕ್ಸ್ ಡ್ರೈ ಮಬ್ಬು ಅಂದ್ರ ನಾ ಮೊದಲು ಕೇಳೂದು ಒಂದ: ಅದೇ ನೋಸ್‌ಪೀಸ್‌ನ್ಯಾಗ 100ಎಕ್ಸ್ ಆಯಿಲ್ ಐತಿ ಹೌದಲ್ರಿ? ಆಯಿಲ್ ಹಚ್ಚಿ ನೋಡಿದ ಸ್ಲೈಡ್ ಮ್ಯಾಲೆ 40ಎಕ್ಸ್ ತಿರುಗಿಸಿದ್ರ ಮುಂದಿನ ಲೆನ್ಸಿಗೆ ಎಣ್ಣಿ ಬಡೀತೈತಿ. ಎಲ್ಲಾ ಲ್ಯಾಬಿನ್ಯಾಗೂ ಇದ ಕಥಿ. ಎಣ್ಣಿ ಒಣಗಿ ತೆಳು ಪದರ ಆಗಿ ಕುಂತಿರ್ತೈತಿ, ಬರೇ ಕಣ್ಣಿಗೆ ಕಾಣಂಗಿಲ್ಲ. ಆಬ್ಜೆಕ್ಟಿವ್ ಬಿಚ್ರಿ, ಐಪೀಸ್ ಒಂದನ್ನ ತಗದು ತಲಿಕೆಳಗ ಹಿಡೀರಿ, ಛಲೋ ಭೂತಗನ್ನಡಿ ಆಗತೈತಿ. ಅದರಿಂದ ಮುಂದಿನ ಲೆನ್ಸನ್ನ ಟ್ಯೂಬ್‌ಲೈಟಿನ ಪ್ರತಿಬಿಂಬ ಬೀಳೂ ಹಂಗ ಓರೆ ಹಿಡಿದು ನೋಡ್ರಿ. ಪ್ರತಿಬಿಂಬದ ಅಂಚು ಚೊಕ್ಕ ಇರಬೇಕು. ಅಂಚು ಕದಡಿದಂಗ ಕಂಡ್ರ ಎಣ್ಣಿ ಅದ.

ಸ್ವಚ್ಛ ಮಾಡೂದು: ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ ಧೂಳು ಹಾರಸ್ರಿ. ಬಾಯಿಲೆ ಊದಬ್ಯಾಡ್ರಿ. ಲೆನ್ಸ್ ಪೇಪರಿನ ತುಂಡಿಗೆ ಪೆಟ್ರೋಲಿಯಂ ಈಥರ್ ಒಂದೆರಡು ಹನಿ ಹಾಕಿ, ಲೆನ್ಸಿನ ನಡುವಿನಿಂದ ಅಂಚಿನ ಕಡೆ ಸುತ್ತು ಸುತ್ತಾಗಿ ಒಂದ ಸಲ ಒರಸ್ರಿ, ಆ ತುಂಡು ಒಗೀರಿ, ಹೊಸಾದು ತಗೋರಿ. ಒತ್ತಬ್ಯಾಡ್ರಿ. ಕಡೀಕ ಅಬ್ಸಲ್ಯೂಟ್ ಆಲ್ಕೋಹಾಲಿನಿಂದ ಒಮ್ಮೆ. ದ್ರಾವಣ ನೇರ ಲೆನ್ಸ್ ಮ್ಯಾಲೆ ಸುರಿಯೂ ಹಂಗಿಲ್ಲ, ಅಂಚಿನ ಸಿಮೆಂಟಿನ್ಯಾಗ ಇಳೀತೈತಿ. ಝೈಲೀನ್, ಅಸಿಟೋನ್ ಹತ್ರ ಸುಳಿಯಬ್ಯಾಡ್ರಿ. ಟೇಬಲ್ ಒರಸೂ ಟಿಶ್ಯೂ ಪೇಪರ್ ಲೆನ್ಸಿಗೆ ಅಲ್ಲ, ಅದರ ನಾರು ಕೋಟಿಂಗ್ ಕೆರೀತೈತಿ.

ಕವರ್‌ಸ್ಲಿಪ್ ನಂ. 1 ಅಂದ್ರ 0.13 ರಿಂದ 0.16 ಮಿ.ಮೀ. ನಿಮ್ಮ ಆಬ್ಜೆಕ್ಟಿವ್ ಕೇಳೂದು 0.17. ನಂ. 1.5 ತರಸ್ರಿ, ಅದು 0.16 ರಿಂದ 0.19. 1.5ಎಚ್ ಅಂತ ಬರ್ತೈತಿ, 0.17ಕ್ಕ 5 ಮೈಕ್ರಾನ್ ಆಚೀಚೆ ಅಷ್ಟ, ತುಟ್ಟಿ. ಪೊಟ್ಟಣದ ಮ್ಯಾಲಿನ ನಂಬರ್ ನಂಬೂದಕ್ಕಿಂತ ಅಳೀರಿ. ಮೈಕ್ರೋಮೀಟರ್ ಇಲ್ಲಂದ್ರ ಹತ್ತು ಕವರ್‌ಸ್ಲಿಪ್ ಒತ್ತಿ ಜೋಡಿಸಿ ವರ್ನಿಯರ್‌ಲೆ ಅಳದು ಹತ್ತರಿಂದ ಭಾಗಸ್ರಿ.

ಕ್ರಯೋ_ಚಾಕು

ಎಲ್ಲರಿಗೂ ಧನ್ಯವಾದ. ಬಯಲುಸೀಮೆಯವರೇ, ನೀವು ಹೇಳಿದ್ದು ನಿಜ, 40ಎಕ್ಸ್ ಮೇಲೆ ಎಣ್ಣೆಯ ಪದರ ಇತ್ತು. ತೆಗೆದ ಮೇಲೆ ಹೊಳೆಯುವ ಕಣಗಳ ಸುತ್ತಲಿನ ಮಂಜಿನಂಥ ವೃತ್ತ ಹೋಯಿತು. ಹತ್ತು ಕವರ್‌ಸ್ಲಿಪ್ ಸೇರಿ 1.45 ಮಿ.ಮೀ. ಬಿನ್ನಿಂಗ್ ಹಾಕಿದ ಮೇಲೆ ಎಕ್ಸ್‌ಪೋಷರ್ 500 ಮಿಲಿಸೆಕೆಂಡ್‌ಗೆ ಇಳಿಯಿತು.

ಆದರೂ ಹಿನ್ನೆಲೆಯ ಮಬ್ಬು ಪೂರ್ತಿ ಹೋಗಿಲ್ಲ. ಎರಡು ಪ್ರಶ್ನೆ ಉಳಿದಿವೆ. ಹೊಳಪಿನಲ್ಲಿ 40ಎಕ್ಸ್/1.3 ಆಯಿಲ್ ಎಲ್ಲಕ್ಕಿಂತ ಮುಂದಿರುವಾಗ ಅದನ್ನೇ ಯಾಕೆ ತೆಗೆದುಕೊಳ್ಳಬಾರದು? ಮತ್ತೆ, ಬೇರೆ ಕಂಪನಿಯ ಹಳೆಯ 20ಎಕ್ಸ್ ಅರ್ಧ ಬೆಲೆಗೆ ಸಿಗುವಂತಿದೆ, ಅದು ನಮ್ಮದಕ್ಕೆ ಕೂರುತ್ತದೆಯೇ?

ಗಾಜಿನಹುಳು

ಆಯಿಲ್ ಬಗ್ಗೆ ಮೊದಲು, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ.

1.3ರ ಎನ್‌ಎ ಎನ್ನುವುದು ಗಾಜು, ಎಣ್ಣೆ, ಮೌಂಟಿಂಗ್ ದ್ರವ ಮೂರೂ ಹತ್ತಿರ ಹತ್ತಿರ ಒಂದೇ ವಕ್ರೀಭವನ ಸೂಚ್ಯಂಕದಲ್ಲಿದ್ದಾಗ ನಿಲ್ಲುವ ಮಾತು. ಎಣ್ಣೆ 1.518, ಗಾಜು 1.52ರ ಸುತ್ತ. ನಿಮ್ಮ ಅರ್ಧ ಗ್ಲಿಸರಾಲ್ ದ್ರವ 1.40. ಕವರ್‌ಸ್ಲಿಪ್‌ಗೆ ಅಂಟಿದ ಮೊದಲ ಕೆಲವು ಮೈಕ್ರಾನ್‌ಗಳಲ್ಲಿ ಚಿತ್ರ ಚೊಕ್ಕವಾಗಿರುತ್ತದೆ. ಆಳಕ್ಕೆ ಇಳಿದಂತೆ ಲೆನ್ಸಿನ ಅಂಚಿನಿಂದ ಬಂದ ಕಿರಣಗಳು ಒಂದು ಕಡೆ, ನಡುವಿನಿಂದ ಬಂದವು ಇನ್ನೊಂದು ಕಡೆ ಕೂಡುತ್ತವೆ. ಇದೇ ಸ್ಫೆರಿಕಲ್ ಅಬರೇಷನ್. ಬಿಂದು ಉದ್ದಕ್ಕೆ ಎಳೆದಂತಾಗುತ್ತದೆ, ಹೊಳಪು ಕುಸಿಯುತ್ತದೆ, ಕಾಗದದ ಮೇಲೆ ಬಂದಿದ್ದ 16 ಪಟ್ಟು ಎಲ್ಲೋ ಹೋಗುತ್ತದೆ. ನಿಮ್ಮ ಸೆಕ್ಷನ್ ಸ್ಲೈಡ್‌ಗೆ ಅಂಟಿದೆ, ಕವರ್‌ಸ್ಲಿಪ್‌ಗೆ ಅಲ್ಲ. ನಡುವೆ ದ್ರವದ ಪದರವೂ ಇದೆ.

ಆ ಪದರ ಎಷ್ಟು ದಪ್ಪ ಎಂದು ಲೆಕ್ಕ ಹಾಕಿ. 22 × 22 ಎಂದರೆ 484 ಚದರ ಮಿ.ಮೀ. 50 ಮೈಕ್ರೋಲೀಟರ್ ಸುರಿದರೆ, ಅಂಚಿನಿಂದ ಹೊರಗೆ ಹರಿಯದಿದ್ದರೆ, 100 ಮೈಕ್ರಾನ್ ದಪ್ಪ. 30 ಮೈಕ್ರಾನ್ ಸೆಕ್ಷನ್‌ಗೆ ಇದು ಅತಿಯಾಯಿತು. 15ರಿಂದ 20 ಮೈಕ್ರೋಲೀಟರ್ ಸಾಕು, ಪದರ 31ರಿಂದ 41 ಮೈಕ್ರಾನ್‌ಗೆ ಇಳಿಯುತ್ತದೆ. ಡ್ರೈ ಆಬ್ಜೆಕ್ಟಿವ್‌ಗೂ ಈ ಲೆಕ್ಕ ಅನ್ವಯಿಸುತ್ತದೆ: ಕವರ್‌ಸ್ಲಿಪ್ ಮತ್ತು ನೀವು ಫೋಕಸ್ ಮಾಡಿದ ಜಾಗದ ನಡುವಿನ ದ್ರವವನ್ನು ಅದು ದಪ್ಪ ಕವರ್‌ಸ್ಲಿಪ್ ಎಂದೇ ಎಣಿಸುತ್ತದೆ. ಹಾಗಾಗಿ ನಿಮ್ಮ 0.145ರ ಗಾಜು, ಅದರ ಕೆಳಗಿನ ದ್ರವದಿಂದಾಗಿ, 0.17 ದಾಟಿ ಆಚೆ ಹೋಗಿರುವ ಸಾಧ್ಯತೆಯೇ ಹೆಚ್ಚು. ತೆಳು ಗಾಜು ಮತ್ತು ಸರಿಯಾದಷ್ಟು ದ್ರವ ಸೇರಿ ಒಮ್ಮೊಮ್ಮೆ ತಾವಾಗಿಯೇ ಸರಿದೂಗುವುದೂ ಉಂಟು. ನಂ. 1.5 ತರಿಸಿ ಅದೇ 50 ಮೈಕ್ರೋಲೀಟರ್ ಮುಂದುವರಿಸಿದರೆ ಚಿತ್ರ ಇನ್ನೂ ಕೆಡಬಹುದು. ಎರಡನ್ನೂ ಒಟ್ಟಿಗೆ ಬದಲಿಸಿ.

20ಎಕ್ಸ್ ಆಗಲಿ 40ಎಕ್ಸ್ ಡ್ರೈ ಆಗಲಿ, ಕರೆಕ್ಷನ್ ಕಾಲರ್ (ಕವರ್‌ಸ್ಲಿಪ್ ದಪ್ಪಕ್ಕೆ ಲೆನ್ಸನ್ನು ಹೊಂದಿಸುವ ತಿರುಗುಂಗುರ) ಇರುವ ಮಾದರಿ ಸಿಕ್ಕರೆ ಈ ತಲೆಬಿಸಿ ಕಡಿಮೆ. ಕಾಲರ್ ಬಳಸುವ ಕ್ರಮ: 0.17ರಲ್ಲಿಟ್ಟು ಒಂದು ಸಣ್ಣ ಹೊಳೆಯುವ ಚುಕ್ಕೆಗೆ ಫೋಕಸ್ ಮಾಡಿ. ಫೋಕಸ್‌ನ ಮೇಲೆ ಮತ್ತು ಕೆಳಗೆ ಸಮಾನವಾಗಿ ಸರಿದು ನೋಡಿ. ಎರಡೂ ಕಡೆ ಚುಕ್ಕೆ ಒಂದೇ ರೀತಿ ಹರಡಿದರೆ ಸರಿ ಇದೆ. ಒಂದು ಕಡೆ ಸ್ಪಷ್ಟ ಉಂಗುರ, ಇನ್ನೊಂದು ಕಡೆ ಬರೀ ಮಂಜು ಕಂಡರೆ ಕಾಲರ್ ಒಂದು ಗೀಟಿನಷ್ಟು ತಿರುಗಿಸಿ, ಮತ್ತೆ ಫೋಕಸ್ ಮಾಡಿ, ಮತ್ತೆ ನೋಡಿ. ಕಾಲರ್ ತಿರುಗಿಸಿದಾಗ ಫೋಕಸ್ ಸರಿಯುತ್ತದೆ; ಅದನ್ನೇ "ಚಿತ್ರ ಕೆಟ್ಟಿತು" ಎಂದುಕೊಂಡು ವಾಪಸ್ ತಿರುಗಿಸುವವರು ಬಹಳ.

ವರ್ಕಿಂಗ್ ಡಿಸ್ಟೆನ್ಸ್ (ಫೋಕಸ್ ಆದಾಗ ಲೆನ್ಸ್ ತುದಿಗೂ ಕವರ್‌ಸ್ಲಿಪ್ಪಿಗೂ ಇರುವ ಅಂತರ) ಕೂಡ ನೋಡಿ. 20ಎಕ್ಸ್/0.75 ವರ್ಗದಲ್ಲಿ ಕಂಪನಿಗೆ ತಕ್ಕಂತೆ 0.6ರಿಂದ 1 ಮಿ.ಮೀ. ಸಿಗುತ್ತದೆ. 40ಎಕ್ಸ್/1.3ರಲ್ಲಿ 0.2 ಮಿ.ಮೀ. ಆಸುಪಾಸು, 60ಎಕ್ಸ್/1.4ರಲ್ಲಿ ಇನ್ನೂ ಕಡಿಮೆ. ಕವರ್‌ಸ್ಲಿಪ್ ಕೆಳಗೆ 100 ಮೈಕ್ರಾನ್ ದ್ರವ ಇಟ್ಟುಕೊಂಡು 60ಎಕ್ಸ್ ಹಾಕಿದರೆ ಸೆಕ್ಷನ್ ತಲುಪುವ ಮೊದಲೇ ಲೆನ್ಸ್ ಗಾಜಿಗೆ ತಾಗಬಹುದು.

ಮುಂದೆ ಯಾವತ್ತಾದರೂ ಆಯಿಲ್‌ಗೆ ಹೋದರೆ ಫ್ಲೋರೆಸೆನ್ಸ್‌ಗೆಂದೇ ಇರುವ ಎಣ್ಣೆ ಕೊಳ್ಳಿ: ಕಾರ್ಗಿಲ್‌ನ ಎಲ್‌ಡಿಎಫ್, ಝೈಸ್‌ನ ಇಮ್ಮರ್ಸಾಲ್ 518 ಎಫ್, ಉಳಿದ ಕಂಪನಿಗಳ ಎಫ್ ಟೈಪ್. ಹಳೆಯ ಸೀಡರ್‌ವುಡ್ ಎಣ್ಣೆ ತಾನೇ ಮಿನುಗುತ್ತದೆ, ಒಣಗಿ ಗಟ್ಟಿಯಾಗುತ್ತದೆ. ಎರಡು ಬಗೆಯ ಎಣ್ಣೆ ಬೆರೆಸಬೇಡಿ. ಹಚ್ಚಿದ ಮೇಲೆ ಒಂದು ಐಪೀಸ್ ತೆಗೆದು ಟ್ಯೂಬ್ ಒಳಗೆ ಇಣುಕಿ. ಗುಳ್ಳೆ ಇದ್ದರೆ ಕಪ್ಪು ವೃತ್ತವಾಗಿ ಕಾಣುತ್ತದೆ.

ಈಗ ಬೇರೆ ಕಂಪನಿಯ ಲೆನ್ಸ್. ನಾಲ್ಕು ಸಂಗತಿ ಹೊಂದಬೇಕು. ಮೊದಲನೆಯದು ಇನ್ಫಿನಿಟಿಯೋ 160 ಮಿ.ಮೀ. ಟ್ಯೂಬ್ ಉದ್ದದ ಹಳೆಯ ಬಗೆಯೋ ಎನ್ನುವುದು, ಮೈಮೇಲೆ 160/0.17 ಎಂದಿದ್ದರೆ ಅಲ್ಲಿಗೇ ಬಿಡಿ. ಎರಡನೆಯದು ಥ್ರೆಡ್. ಒಲಿಂಪಸ್ ಆರ್‌ಎಂಎಸ್, ನಿಕಾನ್ ಮತ್ತು ಲೈಕಾ ಎಂ25, ಝೈಸ್‌ನ ಈಚಿನವು ಎಂ27. ಚಿಕ್ಕ ಥ್ರೆಡ್‌ನ ಲೆನ್ಸನ್ನು ದೊಡ್ಡ ತೂತಿಗೆ ಉಂಗುರ ಹಾಕಿ ಕೂರಿಸಬಹುದು, ನಿಮ್ಮ ಆರ್‌ಎಂಎಸ್ ತೂತಿಗೆ ಎಂ25 ಲೆನ್ಸ್ ಕೂರಿಸುವುದು ಕಷ್ಟದ ಕೆಲಸ. ಮೂರನೆಯದು ಪಾರ್‌ಫೋಕಲ್ ಉದ್ದ (ಲೆನ್ಸ್ ಕೂರುವ ಜಾಗದಿಂದ ಸ್ಯಾಂಪಲ್‌ವರೆಗಿನ ದೂರ): ನಿಕಾನ್‌ನ ಈಚಿನ ಇನ್ಫಿನಿಟಿ ಲೆನ್ಸ್‌ಗಳು 60 ಮಿ.ಮೀ., ಉಳಿದವು ಸಾಮಾನ್ಯವಾಗಿ 45. 15 ಮಿ.ಮೀ. ವ್ಯತ್ಯಾಸ ಎಂದರೆ ಪಕ್ಕದ ಲೆನ್ಸಿನಿಂದ ತಿರುಗಿಸುವಾಗ ಉದ್ದನೆಯದು ಸ್ಟೇಜಿಗೆ ಗುದ್ದುತ್ತದೆ. ನಾಲ್ಕನೆಯದು ಟ್ಯೂಬ್ ಲೆನ್ಸ್. ನಿಕಾನ್, ಲೈಕಾ 200 ಮಿ.ಮೀ., ಒಲಿಂಪಸ್ 180, ಝೈಸ್ 165. ನಿಕಾನ್‌ನ 20ಎಕ್ಸ್ ನಿಮ್ಮಲ್ಲಿ 18ಎಕ್ಸ್ ಆಗುತ್ತದೆ. ಅದು ದೊಡ್ಡ ಸಂಗತಿಯಲ್ಲ, ಸ್ಕೇಲ್ ಬಾರ್ ಮತ್ತೆ ಅಳೆದುಕೊಂಡರಾಯಿತು. ದೊಡ್ಡ ತೊಂದರೆ ಬಣ್ಣದ್ದು. ಝೈಸ್ ಮತ್ತು ಲೈಕಾ ಅಂಚಿನ ಬಣ್ಣದೋಷದ ಒಂದು ಭಾಗವನ್ನು ಟ್ಯೂಬ್ ಲೆನ್ಸ್‌ನಲ್ಲಿ ತಿದ್ದುತ್ತವೆ. ಅವುಗಳ ಆಬ್ಜೆಕ್ಟಿವ್ ನಿಮ್ಮಲ್ಲಿ ಹಾಕಿದರೆ ಚಿತ್ರದ ನಡುವೆ ಎಲ್ಲ ಸರಿ, ಅಂಚಿಗೆ ಹೋದಂತೆ ಡ್ಯಾಪಿಯ ನ್ಯೂಕ್ಲಿಯಸ್ ಒಂದೆಡೆ, ಕೆಂಪು ಸಿಗ್ನಲ್ ಇನ್ನೊಂದೆಡೆ ಸರಿದು ಕೂರುತ್ತವೆ. ಎರಡು ಪ್ರೋಟೀನ್ ಒಂದೇ ಜಾಗದಲ್ಲಿವೆಯೇ ಎಂದು ನೋಡುವ ನಿಮ್ಮಂಥ ಕೆಲಸಕ್ಕೆ ಇದು ಸರಿಹೋಗದು.

ಹಳೆಯದನ್ನು ಕೊಳ್ಳುವುದೇ ಆದರೆ ಹಣ ಕೊಡುವ ಮುನ್ನ 0.2 ಮೈಕ್ರಾನ್‌ನ ನಾಲ್ಕು ಬಣ್ಣದ ಫ್ಲೋರೆಸೆಂಟ್ ಬೀಡ್‌ಗಳಿಂದ ಪರೀಕ್ಷೆ ಮಾಡಿ. ನೀರಿನಲ್ಲಿ ಸಾವಿರ ಪಟ್ಟು ತೆಳು ಮಾಡಿ, 5 ಮೈಕ್ರೋಲೀಟರ್ ಅನ್ನು ಕವರ್‌ಸ್ಲಿಪ್ ಮೇಲೆ (ಸ್ಲೈಡ್ ಮೇಲಲ್ಲ) ಒಣಗಿಸಿ, ನಿಮ್ಮದೇ ಮೌಂಟಿಂಗ್ ದ್ರವದಲ್ಲಿ ಮುಚ್ಚಿ. ಅರ್ಧ ಅರ್ಧ ಮೈಕ್ರಾನ್ ಸರಿಯುತ್ತಾ ಮೇಲೆ ಕೆಳಗೆ ಹೋಗಿ. ಉಂಗುರಗಳು ದುಂಡಗಿದ್ದು ಎರಡೂ ಕಡೆ ಸಮವಾಗಿದ್ದರೆ ಲೆನ್ಸ್ ಆರೋಗ್ಯವಾಗಿದೆ. ಚಿತ್ರದ ನಡುಭಾಗದಲ್ಲೇ ಬಾಲ ಬಿಟ್ಟ ಚುಕ್ಕೆ ಕಂಡರೆ ಲೆನ್ಸ್ ಬಿದ್ದು ಒಳಗಿನ ಗಾಜು ಅಲುಗಿರಬಹುದು. ಕೊಳ್ಳಬೇಡಿ.

ಹಿನ್ನೆಲೆ_ಶೋಧಕ

ಉಳಿದ ಮಬ್ಬಿನ ಬಗ್ಗೆ ಯಾರೂ ನೇರವಾಗಿ ಹೇಳಲಿಲ್ಲ. ಯಾವ ಆಬ್ಜೆಕ್ಟಿವ್ ಹಾಕಿದರೂ 30 ಮೈಕ್ರಾನ್ ಸೆಕ್ಷನ್‌ನಲ್ಲಿ ಅದು ಪೂರ್ತಿ ಹೋಗುವುದಿಲ್ಲ. 0.75 ಎನ್‌ಎ ಡ್ರೈಯಲ್ಲಿ ಫೋಕಸ್ ಆಗುವ ಪದರ ಹೆಚ್ಚೆಂದರೆ ಎರಡು ಮೈಕ್ರಾನ್. ಉಳಿದ 28 ಮೈಕ್ರಾನ್ ಕೂಡ ಹೊಳೆಯುತ್ತಿರುತ್ತದೆ, ಆ ಬೆಳಕೆಲ್ಲ ಕ್ಯಾಮೆರಾಕ್ಕೆ ಬಂದು ಬೀಳುತ್ತದೆ. 60ಎಕ್ಸ್/1.4 ಹಾಕಿದರೆ ಪದರ ಇನ್ನೂ ತೆಳು, ಫೋಕಸ್ ಆಚೆಯ ಪಾಲು ಇನ್ನೂ ಹೆಚ್ಚು. ಮೇಡಂ ಅವರಿಗೆ ಇದೊಂದನ್ನು ತೋರಿಸಿ.

ಮಾಡಬಹುದಾದದ್ದು: ಸೆಕ್ಷನ್ 10 ಅಥವಾ 12 ಮೈಕ್ರಾನ್‌ಗೆ ಇಳಿಸಿ. ಎಪಿ ದಾರಿಯಲ್ಲಿ ಫೀಲ್ಡ್ ಡಯಾಫ್ರಮ್ ಇದ್ದರೆ ಅದನ್ನು ಕ್ಯಾಮೆರಾದ ಚೌಕಟ್ಟು ಮುಟ್ಟುವಷ್ಟು ಮುಚ್ಚಿ. ಪೂರ್ತಿ ತೆರೆದಿಟ್ಟರೆ ಚಿತ್ರದ ಆಚೆಗಿನ ಅಂಗಾಂಶವೂ ಹೊಳೆದು ಮಬ್ಬು ಸೇರಿಸುತ್ತದೆ, ಮೇಲಾಗಿ ಮುಂದೆ ನೋಡಬೇಕಾದ ಜಾಗ ಈಗಲೇ ಬ್ಲೀಚ್ ಆಗುತ್ತದೆ. ಈ ಗುಂಡಿ ಮುಟ್ಟದೇ ವರ್ಷಗಟ್ಟಲೆ ಕೆಲಸ ಮಾಡುವ ಲ್ಯಾಬ್‌ಗಳಿವೆ.

ವಯಸ್ಸಾದ ಇಲಿಗಳಾದರೆ ಲಿಪೊಫ್ಯೂಸಿನ್ (ವಯಸ್ಸಿನೊಂದಿಗೆ ಕೋಶಗಳಲ್ಲಿ ಸೇರುವ, ತಾನೇ ಹೊಳೆಯುವ ವಸ್ತು) ನೋಡಿ. ಎಲ್ಲ ಚಾನೆಲ್‌ಗಳಲ್ಲೂ ಒಂದೇ ಜಾಗದಲ್ಲಿ ಕಾಣುವ ಕಾಳುಕಾಳಾದ ಹೊಳಪು ಅದು. ಪ್ರೋಟೀನಿಗೆ ಅಂಟುವ ಪ್ರೈಮರಿ ಆಂಟಿಬಾಡಿ ಇಲ್ಲದೆ ಡೈ ಹೊತ್ತ ಸೆಕೆಂಡರಿ ಮಾತ್ರ ಹಾಕಿದ ಒಂದು ಸ್ಲೈಡ್, ಏನೂ ಹಾಕದ ಒಂದು ಸ್ಲೈಡ್ ಪ್ರತಿ ಸಲ ಇರಲಿ. ತಡೆಯಲು ಸೆಕೆಂಡರಿ ಮುಗಿದ ಮೇಲೆ 70% ಆಲ್ಕೋಹಾಲ್‌ನಲ್ಲಿ 0.1% ಸೂಡಾನ್ ಬ್ಲ್ಯಾಕ್ ಬಿ, 5ರಿಂದ 10 ನಿಮಿಷ, ನಂತರ ಪಿಬಿಎಸ್‌ನಲ್ಲಿ ಚೆನ್ನಾಗಿ ತೊಳೆಯುವುದು. ಆಮೇಲೆ ಟ್ರೈಟಾನ್ ಇರುವ ಬಫರ್ ಬಳಸಬೇಡಿ, ಸೂಡಾನ್ ಎದ್ದುಹೋಗುತ್ತದೆ. ಫಾರ್-ರೆಡ್ ಚಾನೆಲ್‌ನಲ್ಲಿ ಅದೇ ಸ್ವಲ್ಪ ಹಿನ್ನೆಲೆ ಕೊಡುತ್ತದೆ. ನಿಮ್ಮ 594ರ ತನಕ ಯೋಚನೆ ಇಲ್ಲ.

ಕೊನೆಯ ಪ್ರಕಟಣೆಗೆ ಬೇಕಾದ ಹತ್ತಿಪ್ಪತ್ತು ಚಿತ್ರಗಳಿಗೆ ಕಾನ್‌ಫೋಕಲ್ (ಫೋಕಸ್ ಆಚೆಯ ಬೆಳಕನ್ನು ತಡೆಯುವ ಮೈಕ್ರೋಸ್ಕೋಪ್) ಬೇಕೇ ಬೇಕಾದರೆ ಕೊಳ್ಳುವ ಬದಲು ಗಂಟೆ ಲೆಕ್ಕದಲ್ಲಿ ಬಳಸಿ. ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಹೊರಗಿನವರಿಗೆ ಸಿಗುತ್ತದೆ ಎಂದು ಹುಡುಕಬಹುದು.

ಕ್ರಯೋ_ಚಾಕು

20ಎಕ್ಸ್/0.75ಕ್ಕೆ ಕೊಟೇಶನ್ ಕೇಳಿದ್ದೇವೆ, ನಮ್ಮದೇ ಕಂಪನಿಯದು, ಹೊಸದು. ಡೆಮೊ ಲೆನ್ಸ್ ಕಳಿಸುತ್ತಾರಂತೆ. ಅಷ್ಟರಲ್ಲಿ ಮೌಂಟಿಂಗ್ ಬದಲಿಸಬೇಕು. ಸಿದ್ಧ ಆಂಟಿಫೇಡ್ (ಡೈ ಬ್ಲೀಚ್ ಆಗದಂತೆ ಕಾಯುವ ಮೌಂಟಿಂಗ್ ದ್ರವ) ಬಹಳ ದುಬಾರಿ. ಲ್ಯಾಬಿನಲ್ಲೇ ಮಾಡಿಕೊಳ್ಳುವಂಥದ್ದು ಇದೆಯೇ?

ಹಿನ್ನೆಲೆ_ಶೋಧಕ

ಇದೆ. 10 ಮಿ.ಲೀ.ಗೆ: ಗ್ಲಿಸರಾಲ್ 9 ಮಿ.ಲೀ., 200 ಮಿಲಿಮೋಲಾರ್ ಟ್ರಿಸ್ ಪಿಎಚ್ 8.0 1 ಮಿ.ಲೀ., ಎನ್-ಪ್ರೊಪೈಲ್ ಗ್ಯಾಲೇಟ್ 50 ಮಿ.ಗ್ರಾಂ. ಅಂದರೆ 90% ಗ್ಲಿಸರಾಲ್, 20 ಮಿಲಿಮೋಲಾರ್ ಟ್ರಿಸ್, 0.5% ಗ್ಯಾಲೇಟ್. ಗ್ಲಿಸರಾಲ್ ದಪ್ಪ, ಪಿಪೆಟ್‌ನಲ್ಲಿ ಸರಿಯಾಗಿ ಅಳೆಯಲು ಬರುವುದಿಲ್ಲ, 11.3 ಗ್ರಾಂ ತೂಗಿ ಹಾಕಿ. ಪುಡಿ ಬೇಗ ಕರಗುವುದಿಲ್ಲ, ಟ್ಯೂಬಿಗೆ ಫಾಯಿಲ್ ಸುತ್ತಿ ಬೆಚ್ಚಗಿನ ಜಾಗದಲ್ಲಿ ರಾತ್ರಿಯಿಡೀ ನಿಧಾನ ತಿರುಗಲು ಬಿಡಿ. ಅಲುಗಾಡಿಸಿದರೆ ಗುಳ್ಳೆ ತುಂಬುತ್ತದೆ. 1 ಮಿ.ಲೀ. ಟ್ಯೂಬ್‌ಗಳಿಗೆ ಹಂಚಿ ಫ್ರೀಜರ್‌ನಲ್ಲಿಡಿ. ಕಂದು ಬಣ್ಣಕ್ಕೆ ತಿರುಗಿದ್ದನ್ನು ಎಸೆಯಿರಿ, ಅದರಿಂದಲೇ ಹಿನ್ನೆಲೆ ಬರುತ್ತದೆ.

ಇದರ ಸೂಚ್ಯಂಕ 1.46ರ ಸುತ್ತ, ನಿಮ್ಮ ಅರ್ಧ-ಅರ್ಧ ದ್ರವಕ್ಕಿಂತ ಗಾಜಿಗೆ ಹತ್ತಿರ. ಸೆಕ್ಷನ್ ಪಿಬಿಎಸ್‌ನಲ್ಲಿದ್ದರೆ ಮೊದಲು ಅಂಚಿನಿಂದ ಫಿಲ್ಟರ್ ಪೇಪರ್‌ನಲ್ಲಿ ನೀರು ಹೀರಿ ತೆಗೆಯಿರಿ, ಇಲ್ಲದಿದ್ದರೆ 90% ಹೋಗಿ 70% ಆಗಿರುತ್ತದೆ. ಇದು ಗಟ್ಟಿಯಾಗುವ ದ್ರವವಲ್ಲ. ನಾಲ್ಕು ಮೂಲೆಗೆ ಮೊದಲು ಬಣ್ಣವಿಲ್ಲದ ನೇಲ್‌ಪಾಲಿಶ್ ಚುಕ್ಕೆ ಇಟ್ಟು, ಒಣಗಿದ ಮೇಲೆ ಅಂಚು ಪೂರ್ತಿ ಮುಚ್ಚಿ.

ಚಿತ್ರ ತೆಗೆಯುವ ಕ್ರಮವೂ ಇರಲಿ: ಮೊದಲು 594, ಆಮೇಲೆ 488, ಕೊನೆಗೆ ಡ್ಯಾಪಿ. 385ರ ಬೆಳಕು ಹೆಚ್ಚು ಬಿದ್ದರೆ ಡ್ಯಾಪಿಯ ಒಂದು ಭಾಗ ಹಸಿರಿನಲ್ಲೂ ಕೆಂಪಿನಲ್ಲೂ ಹೊಳೆಯುವ ರೂಪಕ್ಕೆ ತಿರುಗುತ್ತದೆ. ಮೊದಲು ಡ್ಯಾಪಿಯಲ್ಲಿ ಜಾಗ ಹುಡುಕುತ್ತಾ ಕುಳಿತರೆ ಆಮೇಲೆ 488ರಲ್ಲಿ ಎಲ್ಲ ನ್ಯೂಕ್ಲಿಯಸ್‌ಗಳೂ ಪಾಸಿಟಿವ್ ಎಂದು ಕಾಣತೊಡಗುತ್ತವೆ. ಜಾಗ ಹುಡುಕಲು 594 ಬಳಸಿ, ಎಲ್‌ಇಡಿ 5%ರಲ್ಲಿಟ್ಟು.